ಕಣ್ಣಿಗೊಂದು ಸ್ಟೀಲ್ ಲೋಟ

ಎಂಬತ್ತರ ದಶಕದ ಮಾತು. ಸತ್ತ ಮೇಲೆ ಕಣ್ಣು ದಾನ ಮಾಡುತ್ತೇನೆಂದು ಹೆಬ್ಬೆಟ್ಟು ಒತ್ತಿದವರಿಗೆಲ್ಲ ಕೊಡಿ ಎಂದು ಕಣ್ಣಾಸ್ಪತ್ರೆಯ ನಮ್ಮ ಸಾಹೇಬರು ನನಗೊಂದು ಚೀಲ ಸ್ಟೀಲ್ ಲೋಟ ಹೊರಿಸಿ ಗೌಡಗೆರೆಗೆ ಕಳಿಸಿದ್ದರು. ಮಧ್ಯಾಹ್ನವಾದರೂ ಒಬ್ಬರೂ ಹತ್ತಿರ ಬರಲಿಲ್ಲ.

"ಕಣ್ಣಿಗೆ ಲೋಟ ಕೊಡ್ತಾರಂತೆ, ಏನೋ ಮಸಲತ್ತೈತೆ ಕಣ್ಲಾ" ಎಂದು ಊರ ಜನ ದೂರದಲ್ಲೇ ನಿಂತು ಗುಸುಗುಸು ಮಾಡಿದರು.

ಕುರಿ ಅಟ್ಟಿಕೊಂಡು ಬಂದ ಈರಜ್ಜಿ ಮಾತ್ರ ನಾನು ಹೇಳಿದ್ದನ್ನೆಲ್ಲ ಕೇಳಿ, "ನಾನ್ ಸತ್ಮೇಲೆ ಇನ್ನೊಬ್ರು ನೋಡ್ಕಳ್ಳಿ ಬುಡು" ಎಂದು ಹೆಬ್ಬೆಟ್ಟು ಒತ್ತಿದಳು. ಖುಷಿಯಿಂದ ಲೋಟ ಚಾಚಿದೆ.

"ಇದ್ಯಾಕಪ್ಪಾ? ಇಸ್ಕಂಡ್ರೆ ಕಣ್ಣು ಮಾರ್ಕಂಡಂಗಾಯ್ತದೆ. ದಾನ ಕೊಡೋರೇ ಮೇಲೆ ದಕ್ಷಿಣೆ ಇಕ್ಕಬೇಕು. ಅಷ್ಟೂ ಗೊತ್ತಿಲ್ವಾ ನಿಂಗೆ?"

ಗದರಿದವಳೇ ಸೊಂಟದ ಚೀಲದಿಂದ ಎಲೆ, ಅಡಿಕೆ, ಒಂದು ರೂಪಾಯಿ ತೆಗೆದು, ಅದೇ ಲೋಟಕ್ಕೆ ಹಾಕಿ ನನ್ನ ಕೈಗಿಟ್ಟಳು.

ಜನ ಗೊಳ್ಳೆಂದು ನಕ್ಕರು. ಆಮೇಲೆ ಅಜ್ಜಿಗಿಂತ ತಾವೇನು ಕಮ್ಮಿ ಎನ್ನುವಂತೆ ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿದರು. ಮನೆಯಿಂದ ಕಡಲೆಕಾಯಿ ತಂದು, ನನ್ನ ಲೋಟದಲ್ಲೇ ಮೊಗೆದು ನನ್ನ ಚೀಲಕ್ಕೆ ಸುರಿದರು.

ಸಂಜೆ ಚೀಲವನ್ನು ಸಾಹೇಬರ ಮುಂದೆ ಇಳಿಸಿದೆ. ಒಂದು ಲೋಟವೂ ಖರ್ಚಾಗಿರಲಿಲ್ಲ. ನಡೆದದ್ದನ್ನೆಲ್ಲ ಕೇಳಿದ ಸಾಹೇಬರು ಕಡಲೆಕಾಯಿ ಸುಲಿಯುತ್ತಲೇ ಹೇಳಿದರು: "ಮುಂದಿನ ವಾರ ಪಾವಗಡಕ್ಕೆ ಹೋಗಿ. ಅಲ್ಲಿ ಕಡಲೆಕಾಯಿ ಇನ್ನೂ ಜಾಸ್ತಿ; ಲೋಟ ಬೇಡ, ಬಕೆಟ್ ತಗೊಂಡು ಹೋಗಿ."