ಹತ್ತನೆಯ ಫೋನು

"ಆ ಮನೆ ಹೊಕ್ಕ ಫೋನು ಸತ್ತರೂ ಹೊರಗೆ ಬರಲ್ಲ" ಅಂತಿದ್ದರು ಅಕ್ಕಪಕ್ಕದವರು. ಅದಕ್ಕೇ ಆಕೆಗೆ ಗುಜರಿ ಅಕ್ಕ ಅಂತ ಹೆಸರು ಬಿದ್ದಿತ್ತು. ಅಕ್ಕನ ಕಸುಬು ವೆಬ್‌ಸೈಟ್ ಮಾಡುವುದು. ಮುಂದಿನ ಕೋಣೆಯ ಹಲಗೆಯ ಮೇಲೆ ಒಂಬತ್ತು ಹಳೇ ಫೋನುಗಳು, ಒಂದೊಂದರಲ್ಲೂ ಒಂದೊಂದು ಕಾಲದ ಬ್ರೌಸರು. ಮಾಡಿದ ಪುಟವನ್ನು ಒಂಬತ್ತರಲ್ಲೂ ತೆರೆದು ನೋಡಿದ ಮೇಲೇ ಅವಳಿಗೆ ಊಟ.

ಎದುರು ಮನೆಯ ದರ್ಜಿ ಅಜ್ಜಿ ಬಾಗಿಲಿಗೆ ಬಂದು ಕೆಣಕುವಳು. "ಒಂದೇ ಪುಟಾನ ಒಂಬತ್ತು ಸಲ ನೋಡ್ತೀಯಲ್ಲೇ, ಅದೇನು ನಿನ್ನ ಮದುವೆ ಫೋಟೋನಾ?"

"ಬ್ರೌಸರುಗಳಿಗೆಲ್ಲ ಒಂದೇ ನಿಯಮ ಅಂತ ಈಗ ಒಪ್ಪಂದ ಆಗಿದೆ ಅಜ್ಜಿ. ಹಳೇವು ಅದಕ್ಕೂ ಮುಂಚೆ ಹುಟ್ಟಿದವು. ಕಣ್ಣಾರೆ ನೋಡ್ದೆ ನಂಬೋ ಹಾಗಿಲ್ಲ."

"ಗೊತ್ತು ಬಿಡು. ಅಳತೆ ಪಟ್ಟಿ ಒಂದೇ, ಗಿರಾಕಿಗಳ ಹೊಟ್ಟೆ ಬೇರೆ ಬೇರೆ."

ಇಂಥ ಅಕ್ಕನೂ ಒಮ್ಮೆ ಎಡವಿದಳು. ಕಣ್ಣಾಸ್ಪತ್ರೆಯ ಪುಟಕ್ಕೆ ಬಲು ಅವಸರವಿತ್ತು. ಆಪರೇಷನ್‌ಗೆ ಸರದಿ ಬಂದವರು ಮೂರು ದಿನದೊಳಗೆ 'ಬರುತ್ತೇನೆ' ಅನ್ನುವ ಗುಂಡಿ ಒತ್ತಬೇಕು, ಇಲ್ಲವಾದರೆ ಸರದಿ ಬೇರೆಯವರ ಪಾಲು. ಅಕ್ಕ ಹಲಗೆಯ ಕಡೆ ತಿರುಗಲೇ ಇಲ್ಲ. ಹೊಸ ಕಂಪ್ಯೂಟರಿನ ಬ್ರೌಸರಿಗೇ ಹಳೇ ಫೋನಿನ ವೇಷ ಹಾಕಿಸಿ, ಪುಟವನ್ನು ಅದರ ಪರದೆಯಷ್ಟಕ್ಕೆ ಕುಗ್ಗಿಸಿ ನೋಡಿದಳು. ಎಲ್ಲ ಚೆಂದ ಕಂಡಿತು.

ಆ ಸಲ ಸರದಿ ಬಂದವರಲ್ಲಿ ದರ್ಜಿ ಅಜ್ಜಿಯೂ ಒಬ್ಬಳು. ಮೂರನೇ ದಿನ ಮಧ್ಯಾಹ್ನ ತನ್ನ ಹಳೇ ಫೋನು ಹಿಡಿದು ಬಂದಳು. "ಆ ಗುಂಡಿ ಎಲ್ಲಿದೆ ತೋರಿಸೇ. ಮೂರು ದಿನದಿಂದ ತಡಕಾಡ್ತಿದ್ದೀನಿ. ನನ್ನ ಕಣ್ಣು ಪೂರ್ತಿ ಹೋಯ್ತೇನೋ."

ಅಕ್ಕ ನೋಡಿದಳು. ಅವಳ ಕಣ್ಣಿಗೂ ಕಾಣಲಿಲ್ಲ. ಗುಂಡಿ ಇರಬೇಕಾದ ಕಡೆ ಬರೀ ಬಿಳಿ ಬಯಲು.

"ನಿಮ್ಮ ಕಣ್ಣಿನದಲ್ಲ ಅಜ್ಜಿ, ನನ್ನ ತಪ್ಪು" ಅಂದವಳೇ ತನ್ನ ಹೊಸ ಫೋನಿನಿಂದ ಅಜ್ಜಿಯ ಸರದಿ ಗಟ್ಟಿ ಮಾಡಿದಳು.

ವೇಷದ ಕತೆ ಕೇಳಿ ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಗೊಂಬೆಗೆ ತೊಡಿಸಿ ನೋಡಿ, ಮೈಗೆ ಸರಿ ಅಂದ್ಬಿಟ್ಯಾ? ನಂಗೇನೋ ಎದುರು ಮನೇಲಿ ನೀನಿದ್ದೆ. ಉಳಿದೋರಿಗೆ ಯಾರಿದ್ದಾರೆ?"

ಅಕ್ಕನ ಮುಖ ಸಣ್ಣಗಾಯಿತು. ಆಸ್ಪತ್ರೆಗೆ ಫೋನ್ ಹಚ್ಚಿ, ತಪ್ಪು ತನ್ನದೇ ಅಂತ ಒಪ್ಪಿಕೊಂಡು, ಇನ್ನೆರಡು ದಿನ ಗಡುವು ಬೇಡಿದಳು. ಬೈದು ಕೊಟ್ಟರು. ಪುಟದ ಅಲಂಕಾರವನ್ನೆಲ್ಲ ಕಿತ್ತು, ಎಂಥ ಮುದಿ ಬ್ರೌಸರಿಗೂ ಕಾಣುವ ಸಾದಾ ಗುಂಡಿ ಇಟ್ಟಳು. ಗೋಡೆ ಮೊದಲು, ಸುಣ್ಣ ಆಮೇಲೆ. ಅಜ್ಜಿಯ ಫೋನಿನಲ್ಲಿ ಗುಂಡಿ ಮೂಡಿದಾಗ ಇಬ್ಬರೂ ಮಕ್ಕಳ ಹಾಗೆ ನಕ್ಕರು. ಆ ಎರಡು ದಿನದಲ್ಲಿ ಹಳೇ ಫೋನಿನವರು ಹದಿನಾಲ್ಕು ಜನ ಅದನ್ನು ಒತ್ತಿದರು.

ಅಜ್ಜಿಯ ಆಪರೇಷನ್ ಆಗಿ ವರ್ಷವೆರಡು ಕಳೆದ ಮೇಲೆ ಅಕ್ಕನ ಬಾಡಿಗೆ ಮನೆ ಮಾರಾಟವಾಯಿತು. ಹೊರಡುವ ದಿನ, ಗುಜರಿ ಅಂತ ನಗುತ್ತಿದ್ದ ನೆರೆಯವರೇ ಆ ಒಂಬತ್ತು ಫೋನುಗಳನ್ನು ಜೋಪಾನವಾಗಿ ಗಾಡಿಗೇರಿಸಿದರು. ಅಜ್ಜಿ ಕೊನೆಗೆ ಬಂದು ತಾನೇ ಹೊಲಿದ ಒಂದು ಬಟ್ಟೆ ಚೀಲ ಕೈಗಿಟ್ಟಳು. ಒಳಗೆ ಅವಳ ಹಳೇ ಫೋನು.

"ನಂಗೆ ಮಗಳು ಹೊಸದು ಕೊಡಿಸಿದ್ಲು. ಇನ್ಮೇಲೆ ಗೊಂಬೆ ಗಿಂಬೆ ಅಂದ್ರೆ ಅಲ್ಲಿಗೇ ಬಂದು ಕಿವಿ ಹಿಂಡ್ತೀನಿ."

ಅಕ್ಕ ಚೀಲದ ಅಂಚು ಸವರಿದಳು. ಸಾಸಿವೆಯಷ್ಟು ಸಣ್ಣ ಹೊಲಿಗೆ, ಒಂದೂ ಸೊಟ್ಟಗಿರಲಿಲ್ಲ. ಹತ್ತನೆಯದನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದಳು.