ಕರೆಮ್ಮ ಕೇಳಿದ ಹನ್ನೊಂದು ಗಿಲಿಗಿಲಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶಿರವಾಳದ ಹತ್ತಿರದ ಕಾಲುವೆ ದಂಡೆಯ ಮೇಲೆ ಕರೆಮ್ಮ ಕುಡಗೋಲು ಪಕ್ಕಕ್ಕಿಟ್ಟು, ಒಣಗಿದ ಕಾಯೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. "ಇದು ಬೂದಿಗಿಡರಿ. ದನಿ ಸಣ್ಣದು, ಬೀಜ ಭಾಳ. ಇದರ ತಂಗಿ ಎರಡಽ ಬೀಜದಾಕಿ, ಟಕ್ ಟಕ್ ಅಂತಾಳ."

ಸೆಣಬಿನ ಬಳಗದ ಈ ಹಳದಿ ಹೂವಿನ ಗಿಡಗಳನ್ನೆಲ್ಲ ಊರವರು ಗಿಲಿಗಿಲಿ ಎಂದು ಒಂದೇ ಹೆಸರಲ್ಲಿ ಮುಗಿಸುತ್ತಾರೆ. ಅರವತ್ತು ದಾಟಿದ ಕರೆಮ್ಮ ಅದರಲ್ಲಿ ಹನ್ನೊಂದು ಬಗೆ ಬೇರ್ಪಡಿಸಿದ್ದಾರೆ. ಎಲೆಯ ನವಿರು, ಹೂವಿನ ಗೆರೆ ನೋಡುತ್ತಾರೆ; ಕೊನೆಯ ತೀರ್ಪು ಮಾತ್ರ ಕಿವಿಯದು. ಸುರಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಬಸವಂತ್ರಾಯ ಅವರು ಅದನ್ನೆಲ್ಲ ಬರೆದುಕೊಂಡು, ಹಳೆ ಪೇಪರಿನ ನಡುವೆ ಗಿಡ ಒಣಗಿಸಿಡುತ್ತಾರೆ.

ಅಕ್ಷರ ಕಲಿಯದ ಕರೆಮ್ಮನದು ಕಳೆ ಕೀಳುವ ಕೂಲಿ. ದಿನಕ್ಕೆ ಎಂಟು ತಾಸು ಗದ್ದೆಯ ಕೆಸರು. ಕಾಲ್ಬೆರಳ ಸಂದುಗಳು ಕೊಳೆತಿವೆ. ಸಂಜೆ ಅರಿಶಿಣ ಮೆತ್ತಿಕೊಂಡರೂ ಬೆಳಿಗ್ಗೆ ಮತ್ತೆ ನೀರಿಗೇ ಇಳಿಯಬೇಕು. "ಕೆನಾಲ ಬರೂಕಿಂತ ಮುಂಚೆ ಇವೆಲ್ಲ ಹೊಲದಾಗ ಇದ್ದುವರಿ. ನೆಲ್ಲು ಬಂತು, ಹೊಟ್ಟಿಗಿ ಅನ್ನ ಬಂತು, ಸುಳ್ಳ್ಯಾಕ ಹೇಳ್ಲಿ? ಇವು ದಂಡಿಗಿ ಬಂದ್ವು. ಕಿತ್ತಾಕಿನೂ ನಾನಽ."

ಎರಡು ವರ್ಷದ ಹಿಂದೆ ಈ ದಂಡೆಯಲ್ಲೇ ಹನ್ನೆರಡನೆಯದೊಂದು ಸಿಕ್ಕಿತು. ಹೂವಿಗೆ ನೇರಳೆ ಗೆರೆ, ಬೇರೆಲ್ಲೂ ಕಂಡಿದ್ದಲ್ಲ. ಬೀಜ ಬಲಿಯಲಿ, ಆಮೇಲೆ ಬರೆಯೋಣ ಎಂದರು ಬಸವಂತ್ರಾಯ ಮೇಷ್ಟ್ರು. ಹೋದ ವರ್ಷ ಆಡು ಮೇಯಿತು. ಈ ಸಲ ಬುಡ ಮತ್ತೆ ಚಿಗುರಿದಾಗ, ದಂಡೆಯ ಹುಲ್ಲು ಸವರಿಸುವ ಮೇಸ್ತ್ರಿ ಲಾಡ್ಲೇಸಾಬ ತನ್ನ ಹೆಗಲ ಕೆಂಪು ವಸ್ತ್ರವನ್ನೇ ಗಿಡಕ್ಕೆ ಕಟ್ಟಿ, "ಕರೆಮ್ಮವ್ವನ ಸೊಸಿ ಐತಿ, ಯಾರೂ ಮುಟ್ಟಬ್ಯಾಡ್ರಿ" ಎಂದು ಆಳುಗಳನ್ನು ನಗಿಸಿದ್ದ.

"ಸೊಸಿ ಆಗಿದ್ರ ಇಷ್ಟೊತ್ತಿಗಿ ಜಗಳ ತಗೀತಿದ್ಲೋ" ಎಂದಿದ್ದರು ಕರೆಮ್ಮ.

ಇವತ್ತು ವಸ್ತ್ರ ಕಟ್ಟಿದ ಹಾಗೇ ಇದೆ. ಗಿಡ ಸುಟ್ಟಂತೆ ಜೋತುಬಿದ್ದಿದೆ. ನಿನ್ನೆ ಪಕ್ಕದ ಗದ್ದೆಗೆ ಹೊಡೆದ ಕಳೆ ಸಾಯಿಸುವ ಎಣ್ಣೆ ಗಾಳಿಗೆ ಹಾರಿ ಬಂದಿದೆ. ಕರೆಮ್ಮ ಹಸಿಗಾಯೊಂದನ್ನು ಕಿವಿಗೆ ಹಿಡಿಯುತ್ತಾರೆ. ಸದ್ದಿಲ್ಲ. ಸೀಳಿದರೆ ಬೆರಳಿಗೆ ನೀರು ಹತ್ತುತ್ತದೆ, ಅಷ್ಟೇ.

ಲಾಡ್ಲೇಸಾಬ ತನ್ನ ಫೋನಿನಿಂದ ಮೇಷ್ಟ್ರಿಗೆ ಹಚ್ಚಿಕೊಡುತ್ತಾನೆ. ಕರೆಮ್ಮ ಗಿಡ ಸುಟ್ಟದ್ದನ್ನು ಹೇಳುತ್ತಾರೆ. ಆ ಕಡೆಯಿಂದ ಮೇಷ್ಟ್ರು, "ಹೂವು, ಎಲಿ ನನ್ನ ಹತ್ರ ಅದಾವಲ್ಲವ್ವ. ನಿನ್ನ ಮಾತಿನ ಮ್ಯಾಲ ಹನ್ನೆರಡು ಅಂತ ಬರ್ದುಬಿಡ್ತೀನಿ."

"ಬ್ಯಾಡ್ರಿ ಸರ. ಹನ್ನೊಂದಽ ಬರೀರಿ." ಕರೆಮ್ಮ ವಸ್ತ್ರ ಬಿಚ್ಚಿ ಮೇಸ್ತ್ರಿಯ ಕೈಗಿಡುತ್ತಾರೆ. "ಕಿವಿಗಿ ಬೀಳಲಾರದ್ದು ನಾ ಹೇಳಂಗಿಲ್ಲ. ಒಂದು ಹಾಳಿ ಮಾತ್ರ ಖಾಲಿ ಬಿಡ್ರಿ."