ಲಾರಿ ಸದ್ದಿನಲ್ಲಿ ನೋಡಿದ ಬಿ.ಪಿ.

ಕಳೆದ ಭಾನುವಾರ ಇಬ್ಬರು ಗೆಳತಿಯರು ನನ್ನ ಬಿ.ಪಿ. ನೋಡಲು ಕೂತು ಜಗಳವಾಡಿದರು. ನಾನೂ ನಡುವೆ ಬಾಯಿ ಹಾಕಿದೆ ಅನ್ನಿ.

ಮೊಮ್ಮಗಳು ಸವಿತಾ ಹೊಸಪೇಟೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. (ನಾಲ್ಕನೇ ಕ್ಲಾಸಿಗೇ ಪಾಟಿ ಎತ್ತಿಟ್ಟವಳು ನಾನು. ಇದನ್ನು ನಿಮಗೆ ಎಷ್ಟು ಸಲ ಹೇಳಿದರೂ ಸಾಲದು!) ಅಲ್ಲೊಂದು ಪದ್ಧತಿ. ಮಾಡಿದ ಕೆಲಸ ಹೇಗಾಯಿತೆಂದು ಒಂದು ಹಾಳೆಯಲ್ಲಿ ತಾನೇ ಬರೆಯಬೇಕು. ಪಕ್ಕದಲ್ಲಿ ನಿಂತು ನೋಡಿದ ಗೆಳತಿ ಇನ್ನೊಂದರಲ್ಲಿ ಬರೆಯಬೇಕು. ಎರಡೂ ಹಾಳೆ ಸೋಮವಾರ ಮೇಡಂ ಕೈಗೆ. ಸರಿಯಿದ್ದವರು ಮಾತ್ರ ಆಸ್ಪತ್ರೆಯ ವಾರ್ಡಿಗೆ.

ಭಾನುವಾರ ಗೆಳತಿಯ ಜೊತೆ ಮನೆಗೆ ಬಂದಿದ್ದ ಸವಿತಾ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಕಿವಿಗೆ ಸ್ಟೆತಸ್ಕೋಪ್ ಇಟ್ಟಳು. ನಮ್ಮ ಮನೆ ಸಂಡೂರು ರಸ್ತೆಗೇ ಅಂಟಿಕೊಂಡಿದೆ. ಹೊರಗೆ ಅದಿರಿನ ಲಾರಿಗಳ ಸಾಲು, ಒಳಗೆ ಕಿಟಕಿಯೆಲ್ಲ ಗಡಗಡ.

"ನೂರಾ ಇಪ್ಪತ್ತು, ಎಂಬತ್ತು. ಅಜ್ಜಿ ಮಸ್ತ್ ಅದಾಳ!"

ನಾನು ಹಿಗ್ಗಿದೆ. ಗೆಳತಿ ನಾಗವೇಣಿ, ಕಂಪ್ಲಿಯ ಹುಡುಗಿ, ಬರೆಯುತ್ತಿದ್ದವಳು ತಲೆ ಎತ್ತಿದಳು.

"ಈ ಸದ್ದಿನ್ಯಾಗ ನಿನಗ ಕೇಳಿಸ್ತೇನ ಲೇ?"

"ಕೇಳಿಸ್ತು."

"ಸುಳ್ಳು. ಅಂದಾಜಿಗೆ ಹೇಳಿದಿ. ನಾ ಹಂಗ ಬರದೀನಿ."

"ಹಂಗ ಬರದ್ರ ಮೇಡಂ ನನ್ನನ್ನ ವಾರ್ಡಿಗೆ ಬಿಡಂಗಿಲ್ಲ ಲೇ!"

ನನಗೆ ಉರಿದುಹೋಯಿತು. "ಏನವ್ವಾ, ಈಗಷ್ಟ ನನ್ನ ಕೈಲೆ ರೊಟ್ಟಿ ತಿಂದಿ. ಅಳಿಸು ಅದನ್ನ!"

"ಸಿಟ್ಟಾದ್ರ ಆಗ್ರಿ ಅಜ್ಜಿ. ಅಳಸಂಗಿಲ್ಲ."

ಮೂರು ಲಾರಿ ಹೋದವು.

ಆಮೇಲೆ ಸವಿತಾ ತನ್ನ ಹಾಳೆ ಎಳೆದುಕೊಂಡಳು. ಆಗಲೇ ಹಾಕಿದ್ದ ರೈಟ್ ಗುರುತಿನ ಮೇಲೆ ಗೀಟು ಎಳೆದು ಏನೋ ಬರೆದಳು. ಓದೆಂದೆ. ಓದಿದಳು: "ನಾಡಿಯ ಸದ್ದು ಕೇಳಿಸಲಿಲ್ಲ. ಊಹಿಸಿ ಹೇಳಿದೆ."

ಇಬ್ಬರೂ ಸೇರಿ ನನ್ನನ್ನು ಹಿಂದಿನ ಅಡುಗೆಮನೆಗೆ ಕರೆದೊಯ್ದರು. ಬಾಗಿಲು ಹಾಕಿ ಒಬ್ಬರಾದ ಮೇಲೆ ಒಬ್ಬರು ಮತ್ತೆ ನೋಡಿದರು. ನೂರಾ ಎಂಬತ್ತು, ನೂರಾ ಹತ್ತು!

ನಾಗವೇಣಿ ಆ ಸಾಲನ್ನು ಅಳಿಸಿದ್ದರೆ? ನಾನು ಮಸ್ತ್ ಇದ್ದೇನೆಂದುಕೊಂಡೇ ಒಂದು ದಿನ ನೆಲಕ್ಕೆ ಬೀಳುತ್ತಿದ್ದೆ, ಅಲ್ಲವೇ?

ಅವತ್ತೇ ಡಾಕ್ಟರ ಹತ್ತಿರ ಹೋದೆವು. ಈಗ ದಿನಾ ಗುಳಿಗೆ, ಉಪ್ಪಿನಕಾಯಿ ಬಂದ್. ಸವಿತಾಗೆ ವಾರ್ಡು ಒಂದು ವಾರ ಮುಂದಕ್ಕೆ ಹೋಯಿತು. ಅವಳು ಮುಖ ಊದಿಸಿಕೊಂಡು ಕೂತರೆ, ನಾನು ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ! ಪಾಸಾದ ಮಕ್ಕಳು ಮನೆಮನೆಗೂ ಇದ್ದಾರೆ. ತನ್ನ ತಪ್ಪನ್ನು ತನ್ನ ಕೈಯಾರೆ ಬರೆದುಕೊಟ್ಟವರು ಎಷ್ಟು ಮಂದಿ?

ನಿನ್ನೆ ಸವಿತಾ ಕೇಳಿದಳು: "ಉಪ್ಪಿನಕಾಯಿ ಮುಟ್ಟಿಲ್ಲ ಹೌದಿಲ್ಲೋ ಅಜ್ಜಿ?"

"ಇಲ್ಲವ್ವಾ," ಎಂದೆ.

ಅಂಥದೇ ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟಿದ್ದರೆ, ಬೆಳಿಗ್ಗೆ ತಿಂದ ಆ ಎರಡು ಹೋಳನ್ನು ನಾನು ಬರೆಯುತ್ತಿದ್ದೆನೇ?